ಹಾಲಿವುಡ್ ಇತಿಹಾಸ ಬರೆಯುವವರಿಗೆ: ಮೊದಲು ಯಾವುದು, ಆಮೇಲೆ ಯಾವುದು

ಅಮೆರಿಕದ ಸಿನಿಮಾ ಚರಿತ್ರೆಯನ್ನು ಕನ್ನಡದಲ್ಲಿ ಬರೆಯಲು ಹೊರಟವರು ಹೆಚ್ಚಾಗಿ ಎಡವುವುದು ಒಂದೇ ಜಾಗದಲ್ಲಿ. ನಾಲ್ಕು ಸಿನಿಮಾ ನೋಡುತ್ತಾರೆ, ಎರಡು ಯೂಟ್ಯೂಬ್ ವಿಡಿಯೊ, ವಿಕಿಪೀಡಿಯದ ಒಂದು ಪುಟ, ಆಮೇಲೆ ನೇರ ಬರೆಯಲು ಕೂರುತ್ತಾರೆ. ಆಧಾರದ ನೆನಪಾಗುವುದು ಬರೆದು ಮುಗಿಸಿದ ಮೇಲೆ. ಆ ಹೊತ್ತಿಗೆ ಕಣ್ಣಿಗೆ ಬೀಳುವುದು ಬರೆದದ್ದನ್ನು ಒಪ್ಪುವ ಆಧಾರ ಮಾತ್ರ. ಹೀಗಾಗಿ ಬರಹ ಬೇರೆಯಾದರೂ ಸಾಲುಗಳು ಅವೇ: ಮೊದಲ ವಾಕ್ಚಿತ್ರ ಇಂಥದ್ದು, ಟಿವಿ ಬಂದು ಹಾಲಿವುಡ್ ಮುಳುಗಿತು, 1934ರ ಮುಂಚೆ ಸೆನ್ಸಾರೇ ಇರಲಿಲ್ಲ. ಮೂರೂ ತಪ್ಪು, ಅಥವಾ ಅರ್ಧ ಸರಿ.

ಪರಿಶ್ರಮ ಕಡಿಮೆಯಾಗಿ ಹೀಗಾಗುವುದಿಲ್ಲ, ಕೆಲಸದ ಕ್ರಮ ತಲೆಕೆಳಗಾಗಿ ಆಗುತ್ತದೆ. ಕ್ರಮ ತೋರಿಸಲು ಇಲ್ಲಿ ಒಂದು ನಿಜವಾದ ವಿಷಯವನ್ನೇ ಕೊನೆಯವರೆಗೆ ಹಿಡಿದುಕೊಳ್ಳುತ್ತೇನೆ: ಮೈಸೂರು ಸೀಮೆಯ ಕಾರಾಪುರದ ಮಾವುತನ ಮಗ, ಹಾಲಿವುಡ್‌ಗೆ ಹೋಗಿ ನಟನಾದ ಸಾಬು. ನಿಮ್ಮ ವಿಷಯ ಬೇರೆಯಿದ್ದರೂ ಹಂತಗಳು ಇವೇ.

## ಶುರುಮಾಡುವ ಮುನ್ನ ಕೈಯಲ್ಲಿರಬೇಕಾದದ್ದು

ದುಬಾರಿ ಸಾಮಾನು ಯಾವುದೂ ಬೇಡ. ಒಂದು ಸ್ಪ್ರೆಡ್‌ಶೀಟ್, ತಾರೀಖಿನ ಹೆಸರಿಟ್ಟ ಫೋಲ್ಡರ್‌ಗಳು, ಒಂದೊಂದೇ ಚೌಕಟ್ಟು ಮುಂದೆ ಸರಿಸಿ ನೋಡಬಲ್ಲ ವಿಡಿಯೊ ಪ್ಲೇಯರ್. ವಿಎಲ್‌ಸಿಯಲ್ಲಿ ‘ಇ’ ಕೀಲಿ ಒತ್ತಿದರೆ ಆ ಕೆಲಸ ಆಗುತ್ತದೆ.

ಸ್ಪ್ರೆಡ್‌ಶೀಟ್‌ನಲ್ಲಿ ಐದು ಕಾಲಂ ಮಾಡಿ: ಹೇಳಿಕೆ, ಎಲ್ಲಿ ಸಿಕ್ಕಿತು, ತಾರೀಖು ಮತ್ತು ಪುಟ, ಲಿಂಕ್, ‘ನಾನೇ ನೋಡಿದ್ದೋ ಬೇರೆಯವರು ಹೇಳಿದ್ದೋ’. ಆ ಕೊನೆಯದನ್ನು ಬಹಳ ಜನ ಮಾಡುವುದೇ ಇಲ್ಲ. ಮೂರು ತಿಂಗಳ ನಂತರ ಒಂದು ಸಾಲು ಮೂಲ ಪತ್ರಿಕೆಯಿಂದ ಬಂದದ್ದೋ, ಯಾರದೋ ಲೇಖನದಿಂದ ಬಂದದ್ದೋ ಎಂಬ ಅನುಮಾನ ಬಂದಾಗ ಅದರ ಬೆಲೆ ಗೊತ್ತಾಗುತ್ತದೆ.

## ಹಂತ 1: ವಿಷಯವನ್ನು ಪ್ರಶ್ನೆಯಾಗಿಸಿ

‘ಹಾಲಿವುಡ್‌ನಲ್ಲಿ ಸಾಬು’ ಎಂಬುದು ವಿಷಯ. ಅದನ್ನಿಟ್ಟುಕೊಂಡು ಏನನ್ನು ಬೇಕಾದರೂ ಬರೆಯಬಹುದು. ಹಾಗಾಗಿ ಎಲ್ಲಿ ನಿಲ್ಲಿಸಬೇಕೆಂದು ತಿಳಿಯುವುದಿಲ್ಲ. ಪ್ರಶ್ನೆ ಹೀಗಿರಲಿ: 1942ರಿಂದ 1944ರವರೆಗೆ ಯೂನಿವರ್ಸಲ್ ಸ್ಟುಡಿಯೊ ತೆಗೆದ ಮೂರು ಟೆಕ್ನಿಕಲರ್ (ಬಣ್ಣದ) ಚಿತ್ರಗಳಲ್ಲಿ ಸಾಬುಗೆ ಯಾವ ಬಗೆಯ ಪಾತ್ರ ಕೊಟ್ಟರು, ಪ್ರಚಾರದಲ್ಲಿ ಆತನನ್ನು ಹೇಗೆ ತೋರಿಸಿದರು? ಇದಕ್ಕೆ ಅವಧಿ, ಸಂಸ್ಥೆ, ಚಿತ್ರಗಳು, ನೋಡಬೇಕಾದ ಕಾಗದ ಎಲ್ಲವೂ ನಿಗದಿಯಾಗಿವೆ. ಅರೇಬಿಯನ್ ನೈಟ್ಸ್, ವೈಟ್ ಸ್ಯಾವೇಜ್, ಕೋಬ್ರಾ ವುಮನ್ ಎಂಬ ಮೂರೇ ಚಿತ್ರ. ಮೂರರಲ್ಲೂ ಮರಿಯಾ ಮೊಂಟೆಜ್ ಮತ್ತು ಜಾನ್ ಹಾಲ್ ಜತೆಗಿದ್ದಾರೆ. ಹೋಲಿಸಿ ನೋಡಲು ಅನುಕೂಲ.

ಪ್ರಶ್ನೆ ಸರಿಯಿದೆಯೇ ಎಂದು ತಿಳಿಯಲು ಸುಲಭ ಪರೀಕ್ಷೆಯಿದೆ. ಉತ್ತರ ‘ಇಲ್ಲ’ ಎಂದು ಬರುವ ಸಾಧ್ಯತೆ ಇರಬೇಕು. ‘ಹಾಲಿವುಡ್ ಜಗತ್ತನ್ನು ಹೇಗೆ ಬದಲಿಸಿತು?’ ಎಂಬುದಕ್ಕೆ ‘ಬದಲಿಸಲಿಲ್ಲ’ ಎಂಬ ಉತ್ತರ ಬರಲಾರದು. ಅದು ಪ್ರಶ್ನೆಯಲ್ಲ, ಭಾಷಣದ ಪೀಠಿಕೆ.

ಎಚ್ಚರಿಕೆಯ ಸೂಚನೆ: ನಿಮ್ಮ ಪ್ರಶ್ನೆಯಲ್ಲಿ ‘ಮೊದಲ’ ಎಂಬ ಪದವಿದ್ದರೆ ಅಲ್ಲೇ ನಿಲ್ಲಿ. ಮೊದಲ ವಾಕ್ಚಿತ್ರದ ಕಥೆಯನ್ನೇ ನೋಡಿ. 1926ರ ಆಗಸ್ಟ್‌ನಲ್ಲಿ ವಾರ್ನರ್ ಬ್ರದರ್ಸ್ ತೋರಿಸಿದ ಡಾನ್ ಜುವಾನ್‌ನಲ್ಲಿ ಚಿತ್ರದೊಂದಿಗೆ ತಾಳೆಯಾಗುವ ಸಂಗೀತವಿತ್ತು, ಮಾತಿರಲಿಲ್ಲ. 1927ರ ಅಕ್ಟೋಬರ್ 6ರಂದು ನ್ಯೂಯಾರ್ಕ್‌ನಲ್ಲಿ ಪ್ರೀಮಿಯರ್ ಆದ ದಿ ಜಾಝ್ ಸಿಂಗರ್‌ನಲ್ಲಿ ಹಾಡು ಮತ್ತು ಒಂದಿಷ್ಟು ಮಾತಿದೆ, ಮಿಕ್ಕದ್ದೆಲ್ಲ ಟೈಟಲ್ ಕಾರ್ಡ್, ಅಂದರೆ ತೆರೆಯ ಮೇಲೆ ಬರಹವಾಗಿ ಬರುವ ಮಾತು. ಉದ್ದಕ್ಕೂ ಮಾತೇ ಇರುವ ಪೂರ್ಣಾವಧಿ ಚಿತ್ರ 1928ರ ಲೈಟ್ಸ್ ಆಫ್ ನ್ಯೂಯಾರ್ಕ್. ಮೂರರಲ್ಲೂ ಶಬ್ದ ಇದ್ದದ್ದು ಫಿಲ್ಮ್ ಮೇಲಲ್ಲ, ಬೇರೆಯಾಗಿ ತಿರುಗುವ ತಟ್ಟೆಯ ಮೇಲೆ. ಇಷ್ಟನ್ನೂ ಬಿಚ್ಚಿ ಹೇಳುವ ತಾಳ್ಮೆಯಿದ್ದರೆ ‘ಮೊದಲ’ ಎನ್ನಿ, ಇಲ್ಲದಿದ್ದರೆ ಬಿಟ್ಟುಬಿಡಿ.

## ಹಂತ 2: ಹೆಸರು, ತಾರೀಖು, ಸಂಸ್ಥೆಗಳ ಪಟ್ಟಿ ಮಾಡಿಕೊಳ್ಳಿ

ಸಿನಿಮಾ ನೋಡುವುದಕ್ಕೂ ಮುಂಚೆ ಮಾಡಬೇಕಾದ ಕೆಲಸ ಇದು. ಅಮೆರಿಕನ್ ಫಿಲ್ಮ್ ಇನ್‌ಸ್ಟಿಟ್ಯೂಟ್‌ನ ಕ್ಯಾಟಲಾಗ್ ಅಂತರ್ಜಾಲದಲ್ಲಿ ಉಚಿತವಾಗಿದೆ. ಪ್ರತಿ ಚಿತ್ರದ ಕೆಳಗೂ ಟಿಪ್ಪಣಿಗಳಿರುತ್ತವೆ, ಅವನ್ನು ಪೂರ್ತಿ ಓದಿ. ಚಿತ್ರೀಕರಣದ ವೇಳೆ ಇದ್ದ ಹೆಸರು, ಬದಲಾದ ನಟರು, ಆ ಕಾಲದ ಪತ್ರಿಕೆಗಳ ವರದಿ ಎಲ್ಲ ಅಲ್ಲಿರುತ್ತದೆ. ಐಎಂಡಿಬಿ ಎಂಬ ಸಿನಿಮಾ ಮಾಹಿತಿ ತಾಣವನ್ನು ದಾರಿ ತಿಳಿಯಲು ಬಳಸಿ, ಆಧಾರವಾಗಿ ಬಳಸಬೇಡಿ.

ಒಂದು ಚಿತ್ರಕ್ಕೆ ತಾರೀಖು ಒಂದಲ್ಲ. ಚಿತ್ರೀಕರಣ, ಪ್ರೀಮಿಯರ್, ಎಲ್ಲೆಡೆ ಬಿಡುಗಡೆ, ಹಕ್ಕುಸ್ವಾಮ್ಯ ನೋಂದಣಿ ಹೀಗೆ ನಾಲ್ಕಾದರೂ ಇರುತ್ತವೆ. ಕಾಸಾಬ್ಲಾಂಕಾ 1942ರ ನವೆಂಬರ್ 26ರಂದು ನ್ಯೂಯಾರ್ಕ್‌ನಲ್ಲಿ ತೆರೆಕಂಡಿತು, ಉಳಿದೆಡೆ ಬಿಡುಗಡೆಯಾದದ್ದು 1943ರ ಜನವರಿಯಲ್ಲಿ. ಅದಕ್ಕೆ ಆಸ್ಕರ್ ಬಂದದ್ದು 1943ರ ಸಾಲಿಗೆ, ಸಮಾರಂಭ ನಡೆದದ್ದು 1944ರಲ್ಲಿ. ಒಂದು ಕಡೆ 1942, ಇನ್ನೊಂದು ಕಡೆ 1943 ಎಂದು ಕಂಡು ಯಾರೋ ತಪ್ಪು ಬರೆದಿದ್ದಾರೆಂದು ‘ತಿದ್ದುವ’ ಉತ್ಸಾಹಿಗಳು ಇದ್ದಾರೆ. ತಪ್ಪು ಯಾರದೂ ಅಲ್ಲ. ನೀವು ಯಾವ ತಾರೀಖು ಬಳಸುತ್ತೀರೆಂದು ಮೊದಲೇ ತೀರ್ಮಾನಿಸಿ, ಬರಹದುದ್ದಕ್ಕೂ ಅದಕ್ಕೇ ಅಂಟಿಕೊಳ್ಳಿ.

ನಿರ್ಮಾಣ ಸಂಸ್ಥೆ ಬೇರೆ, ವಿತರಣೆ ಸಂಸ್ಥೆ ಬೇರೆ. ಯುನೈಟೆಡ್ ಆರ್ಟಿಸ್ಟ್ಸ್ ಅನ್ನು 1919ರಲ್ಲಿ ಚಾಪ್ಲಿನ್, ಮೇರಿ ಪಿಕ್‌ಫರ್ಡ್, ಡಗ್ಲಸ್ ಫೇರ್‌ಬ್ಯಾಂಕ್ಸ್, ಗ್ರಿಫಿತ್ ಸೇರಿ ಕಟ್ಟಿದ್ದು ಮುಖ್ಯವಾಗಿ ವಿತರಣೆಗಾಗಿ. ಪೋಸ್ಟರ್ ಮೇಲೆ ಅದರ ಹೆಸರು ಕಂಡ ಮಾತ್ರಕ್ಕೆ ಅದೇ ನಿರ್ಮಾಪಕ ಎನ್ನಲಾಗದು. ಸಾಬು ನಟಿಸಿದ 1942ರ ಜಂಗಲ್ ಬುಕ್ ಹೀಗೆಯೇ: ನಿರ್ಮಾಣ ಅಲೆಕ್ಸಾಂಡರ್ ಕೊರ್ಡಾ, ವಿತರಣೆ ಯುನೈಟೆಡ್ ಆರ್ಟಿಸ್ಟ್ಸ್.

ಕನ್ನಡದಲ್ಲಿ ಸಾಬು ಬಗ್ಗೆ ಬರೆಯುವವರು ಜಾರುವುದೂ ಇಲ್ಲೇ. ರಾಬರ್ಟ್ ಫ್ಲಾಹರ್ಟಿ ಮೈಸೂರಿಗೆ ಬಂದು ಚಿತ್ರೀಕರಿಸಿದ, 1937ರಲ್ಲಿ ಬಿಡುಗಡೆಯಾದ ಎಲಿಫೆಂಟ್ ಬಾಯ್ ಅನ್ನು ಹಾಲಿವುಡ್ ಚಿತ್ರ ಎಂದು ಬರೆದುಬಿಡುತ್ತಾರೆ. ಅದು ಬ್ರಿಟನ್ನಿನ ಲಂಡನ್ ಫಿಲ್ಮ್ಸ್ ಚಿತ್ರ, ಉಳಿದ ಭಾಗ ತಯಾರಾದದ್ದು ಅಲ್ಲಿನ ಡೆನಮ್ ಸ್ಟುಡಿಯೊದಲ್ಲಿ. 1940ರ ದಿ ಥೀಫ್ ಆಫ್ ಬಗ್ದಾದ್ ಶುರುವಾದದ್ದು ಇಂಗ್ಲೆಂಡಿನಲ್ಲಿ, ಯುದ್ಧದ ಕಾರಣ ಮುಗಿದದ್ದು ಅಮೆರಿಕದಲ್ಲಿ. 1947ರ ಬ್ಲ್ಯಾಕ್ ನಾರ್ಸಿಸಸ್ ಮತ್ತೆ ಬ್ರಿಟನ್ನಿನದು. ಇವನ್ನೆಲ್ಲ ಒಂದೇ ಸಾಲಿಗೆ ಪೋಣಿಸಿ ‘ಹಾಲಿವುಡ್ ಕಂಡ ಸಾಬು’ ಎಂದು ಬರೆದರೆ ವಾದ ಬುಡದಲ್ಲೇ ಸಡಿಲವಾಗುತ್ತದೆ.

ಹೆಸರಿನ ಗೊಂದಲವನ್ನೂ ಬರೆದಿಟ್ಟುಕೊಳ್ಳಿ. ಆಕರ ಗ್ರಂಥಗಳಲ್ಲಿ ‘ಸಾಬು ದಸ್ತಗೀರ್’ ಎಂದಿದೆ. ದಸ್ತಗೀರ್ ಎಂಬುದು ಅಣ್ಣನ ಹೆಸರು, ಸಾಬುವಿನ ಹೆಸರು ಸೇಲರ್ ಶೇಖ್ ಸಾಬು ಎಂಬ ವಾದವೂ ಇದೆ. ಹುಡುಕುವಾಗ ಎಲ್ಲ ರೂಪಗಳೂ ಬೇಕಾಗುತ್ತವೆ.

ಪಟ್ಟಿ ಮಾಡುವಾಗ ಹೊಂದದ ತಾರೀಖು ಸಿಕ್ಕರೆ ಖುಷಿಪಡಿ. ಸಾಬುಗೆ 1944ರಲ್ಲಿ ಅಮೆರಿಕದ ಪೌರತ್ವ ಸಿಕ್ಕಿತು ಎಂದು ಜೀವನ ಪರಿಚಯಗಳು ಹೇಳುತ್ತವೆ. ಆದರೆ 1923ರ ಥಿಂಡ್ ಪ್ರಕರಣದ ಸುಪ್ರೀಂ ಕೋರ್ಟ್ ತೀರ್ಪು ಭಾರತೀಯರಿಗೆ ಆ ಬಾಗಿಲು ಮುಚ್ಚಿತ್ತು, ತೆರೆದದ್ದು 1946ರ ಲೂಸ್-ಸೆಲ್ಲರ್ ಕಾಯ್ದೆ. ನಡುವೆ ಇದು ಹೇಗಾಯಿತು? ಯುದ್ಧಕಾಲದಲ್ಲಿ ಸೇನೆಗೆ ಸೇರಿದವರಿಗೆ 1942ರ ಕಾನೂನೊಂದು ವಿನಾಯಿತಿ ಕೊಟ್ಟಿತ್ತು, ಸಾಬು ವಾಯುಪಡೆಯಲ್ಲಿ ಗನ್ನರ್ ಆಗಿದ್ದದ್ದೂ ನಿಜ. ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ಅಮೆರಿಕದ ರಾಷ್ಟ್ರೀಯ ಪತ್ರಾಗಾರದ ದಾಖಲೆಗಳಲ್ಲಿ ಹುಡುಕಬೇಕು. ಮೂಲ ಪ್ರಶ್ನೆಗಿಂತ ಒಳ್ಳೆಯ ಪ್ರಶ್ನೆ ಹೀಗೆ ಪಟ್ಟಿಯ ಮಧ್ಯದಿಂದಲೇ ಎದ್ದು ಬರುವುದುಂಟು.

## ಹಂತ 3: ಸಿನಿಮಾ ನೋಡಿ, ಆದರೆ ಯಾವ ಪ್ರಿಂಟ್ ಎಂದು ಕೇಳಿಕೊಂಡು ನೋಡಿ

ಈ ಹಂತದಲ್ಲಿ ಅವಸರಪಟ್ಟವರು ಮುಂದಿನ ಎಲ್ಲ ಹಂತಗಳಲ್ಲೂ ದಂಡ ಕಟ್ಟುತ್ತಾರೆ.

ಎಡ್ವಿನ್ ಪೋರ್ಟರ್ 1903ರಲ್ಲಿ ಎಡಿಸನ್ ಕಂಪನಿಗೆ ತೆಗೆದ ಲೈಫ್ ಆಫ್ ಆ್ಯನ್ ಅಮೆರಿಕನ್ ಫೈರ್‌ಮನ್ ಚಿಕ್ಕ ಚಿತ್ರ. ಉರಿಯುವ ಮನೆಯಿಂದ ತಾಯಿಯನ್ನೂ ಮಗುವನ್ನೂ ಅಗ್ನಿಶಾಮಕ ಸಿಬ್ಬಂದಿ ಬಿಡಿಸಿಕೊಂಡು ಬರುವ ದೃಶ್ಯ ಅದರ ಕೊನೆಯಲ್ಲಿದೆ. ನ್ಯೂಯಾರ್ಕ್‌ನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿದ್ದ ಪ್ರಿಂಟ್‌ನಲ್ಲಿ ಕೋಣೆಯ ಒಳಗಿನ ಶಾಟ್, ಹೊರಗಿನ ಶಾಟ್ ಒಂದರ ನಂತರ ಒಂದು ಹೆಣೆದುಕೊಂಡಿದ್ದವು. ಅದನ್ನು ನೋಡಿ, ಏಕಕಾಲದ ಎರಡು ಕ್ರಿಯೆಗಳನ್ನು ಹೆಣೆಯುವ ಸಂಕಲನವನ್ನು ಪೋರ್ಟರ್ 1903ರಲ್ಲೇ ಕಂಡುಹಿಡಿದಿದ್ದ ಎಂದು ಬರೆಯಲಾಯಿತು. ಆದರೆ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಅದೇ ಚಿತ್ರದ ಇನ್ನೊಂದು ರೂಪವಿತ್ತು. 1912ರವರೆಗೆ ಅಮೆರಿಕದಲ್ಲಿ ಚಲನಚಿತ್ರವನ್ನು ಚಲನಚಿತ್ರವೆಂದೇ ನೋಂದಾಯಿಸಲು ಕಾನೂನಿನಲ್ಲಿ ಅವಕಾಶವಿರಲಿಲ್ಲ, ಫೋಟೊ ಎಂದು ನೋಂದಾಯಿಸಬೇಕಿತ್ತು. ಅದಕ್ಕಾಗಿ ಫಿಲ್ಮನ್ನು ಉದ್ದನೆಯ ಕಾಗದದ ಸುರುಳಿಯ ಮೇಲೆ ಮುದ್ರಿಸಿ ಕೊಡುತ್ತಿದ್ದರು. ಆ ಕಾಗದದ ಪ್ರತಿಯಲ್ಲಿ ರಕ್ಷಣೆಯ ದೃಶ್ಯ ಮೊದಲು ಒಳಗಿನಿಂದ ಪೂರ್ತಿ ನಡೆಯುತ್ತದೆ, ಆಮೇಲೆ ಹೊರಗಿನಿಂದ ಮತ್ತೊಮ್ಮೆ ಪೂರ್ತಿ ನಡೆಯುತ್ತದೆ. ಮೂಲ ಅದೇ. ಹೆಣೆದ ಪ್ರಿಂಟ್ ಯಾರೋ ಆಮೇಲೆ ಕತ್ತರಿಸಿ ಜೋಡಿಸಿದ್ದು. ಪ್ರಿಂಟ್ ಯಾವುದೆಂದು ಕೇಳದ ಒಂದೇ ಕಾರಣಕ್ಕೆ ಸಂಕಲನದ ಚರಿತ್ರೆಯೇ ದಶಕಗಳ ಕಾಲ ತಪ್ಪಾಗಿ ನಿಂತಿತ್ತು.

ಹಾಗಾಗಿ ಪ್ರತಿ ಚಿತ್ರಕ್ಕೂ ಬರೆದಿಟ್ಟುಕೊಳ್ಳಿ: ಎಲ್ಲಿ ನೋಡಿದ್ದು, ಯಾರು ಪುನರುಜ್ಜೀವನ ಮಾಡಿದ್ದು, ಎಷ್ಟು ನಿಮಿಷ, ಮೊದಲ ಬಿಡುಗಡೆಯದೋ ಮರುಬಿಡುಗಡೆಯದೋ. 1933ರ ಕಿಂಗ್ ಕಾಂಗ್ 1938ರಲ್ಲಿ ಮರುಬಿಡುಗಡೆಯಾದಾಗ ಸೆನ್ಸಾರ್ ನಿಯಮದ ಕಾರಣ ಹಲವು ದೃಶ್ಯ ಕಳೆದುಕೊಂಡಿತ್ತು. ಆ ದೃಶ್ಯಗಳು ಸಿಕ್ಕಿ ಸೇರಿದ್ದು ಬಹಳ ಕಾಲದ ಮೇಲೆ. 1950ರಲ್ಲಿ ನೋಡಿದವರ ಅಭಿಪ್ರಾಯವನ್ನು 1933ರ ಪ್ರೇಕ್ಷಕರ ಅಭಿಪ್ರಾಯದ ಪಕ್ಕ ಇಡುವ ಮುನ್ನ ಇದು ನೆನಪಿರಲಿ.

ಮೂಕಿ ಚಿತ್ರಗಳ ಅವಧಿ ಇನ್ನೂ ಜಾರುವ ವಿಷಯ. ಆಗ ವೇಗ ಒಂದೇ ಸಮನಾಗಿರಲಿಲ್ಲ. ಸಾವಿರ ಅಡಿಯ 35 ಎಂಎಂ ರೀಲನ್ನು ಸೆಕೆಂಡಿಗೆ 16 ಚೌಕಟ್ಟಿನಂತೆ ಓಡಿಸಿದರೆ 16 ನಿಮಿಷ 40 ಸೆಕೆಂಡ್ ಬರುತ್ತದೆ, 24ರಂತೆ ಓಡಿಸಿದರೆ ಸುಮಾರು 11 ನಿಮಿಷ. ಆ ಕಾಲದ ಪತ್ರಿಕೆಗಳು ಉದ್ದವನ್ನು ರೀಲು ಮತ್ತು ಅಡಿಗಳಲ್ಲಿ ಕೊಟ್ಟದ್ದು ಅದಕ್ಕೇ. ನೀವೂ ಅದನ್ನೇ ಕೊಡಿ. ಅಂತರ್ಜಾಲದಲ್ಲಿ ಜನ ದಡಬಡ ಓಡಾಡುವ ಮೂಕಿ ಚಿತ್ರ ಕಂಡರೆ ಅದು ತಪ್ಪು ವೇಗದ ಪ್ರತಿ, ನಟನೆಯ ಬಗ್ಗೆ ಅದರಿಂದ ಏನನ್ನೂ ಹೇಳಬೇಡಿ.

ಟೈಟಲ್ ಕಾರ್ಡನ್ನು ಉಲ್ಲೇಖಿಸುವ ಮುನ್ನವೂ ಪ್ರಿಂಟ್‌ನ ಜಾತಕ ನೋಡಿ. ಆಫ್ರಿಕನ್-ಅಮೆರಿಕನ್ ನಿರ್ದೇಶಕ ಆಸ್ಕರ್ ಮಿಶೋ ಅವರ 1920ರ ವಿದಿನ್ ಅವರ್ ಗೇಟ್ಸ್ ಉಳಿದದ್ದು ಸ್ಪೇನ್‌ನಲ್ಲಿ ಸಿಕ್ಕ ಒಂದು ಪ್ರಿಂಟ್‌ನಿಂದ. ಅದರ ಕಾರ್ಡುಗಳು ಸ್ಪ್ಯಾನಿಷ್‌ನಲ್ಲಿದ್ದವು. ಇಂದು ನಾವು ಓದುವ ಇಂಗ್ಲಿಷಿನ ಬಹುಪಾಲು ಅಲ್ಲಿಂದ ಮರಳಿ ಅನುವಾದವಾದದ್ದು. ‘ಮಿಶೋ ಹೀಗೆ ಬರೆದರು’ ಎಂದು ಒಂದೊಂದು ಪದ ಹಿಡಿದು ವಿಶ್ಲೇಷಿಸಿದರೆ ನೀವು ವಿಶ್ಲೇಷಿಸುತ್ತಿರುವುದು ಅನುವಾದಕರನ್ನು.

ಇನ್ನು ಚಿತ್ರವೇ ಇಲ್ಲದಿದ್ದರೆ? 1912ರಿಂದ 1929ರವರೆಗೆ ಅಮೆರಿಕದಲ್ಲಿ ತಯಾರಾದ ಸುಮಾರು 11,000 ಮೂಕಿ ಕಥಾಚಿತ್ರಗಳಲ್ಲಿ ಮೂಲ ರೂಪದಲ್ಲಿ ಪೂರ್ತಿಯಾಗಿ ಉಳಿದಿರುವುದು ಶೇ 14 ಮಾತ್ರ ಎಂದು ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುತ್ತದೆ. ಇಲ್ಲದ ಚಿತ್ರದ ಬಗ್ಗೆ ಬರೆಯಬಹುದು, ಆದರೆ ‘ಪತ್ರಿಕೆಯ ಪ್ರಕಾರ ಈ ದೃಶ್ಯದಲ್ಲಿ’ ಎಂದೇ ಬರೆಯಬೇಕು. ಕಂಡವರಂತೆ ಬೆಳಕು, ಕೋನ ವರ್ಣಿಸಬಾರದು.

## ಹಂತ 4: ಟ್ರೇಡ್ ಪತ್ರಿಕೆಗಳನ್ನು ಓದಿ, ಯಾರಿಗಾಗಿ ಬರೆದದ್ದೆಂದು ತಿಳಿದು ಓದಿ

ಟ್ರೇಡ್ ಪತ್ರಿಕೆಗಳೆಂದರೆ ಸಿನಿಮಾ ವ್ಯಾಪಾರದವರಿಗಾಗಿ ಬರುವ ಪತ್ರಿಕೆಗಳು. ಇವನ್ನು ಓದಲು ಮೊದಲು ವಿಮಾನ ಹತ್ತಬೇಕಿತ್ತು, ಈಗ ಮನೆಯಲ್ಲೇ ಆಗುತ್ತದೆ. ಮೀಡಿಯಾ ಹಿಸ್ಟರಿ ಡಿಜಿಟಲ್ ಲೈಬ್ರರಿ ಹಳೆಯ ಸಿನಿಮಾ ಪತ್ರಿಕೆಗಳ ಲಕ್ಷಾಂತರ ಪುಟಗಳನ್ನು ಉಚಿತವಾಗಿ ಇಟ್ಟಿದೆ. ಅದರ ಹುಡುಕಾಟದ ತಾಣದ ಹೆಸರು ಲ್ಯಾಂಟರ್ನ್. ಊರಿನ ದಿನಪತ್ರಿಕೆಗಳಿಗೆ ಲೈಬ್ರರಿ ಆಫ್ ಕಾಂಗ್ರೆಸ್‌ನ ಕ್ರಾನಿಕ್ಲಿಂಗ್ ಅಮೆರಿಕಾ ಇದೆ, ಅದೂ ಉಚಿತ.

ಮೊದಲು ಪತ್ರಿಕೆಗಳ ಕುಲಗೋತ್ರ ತಿಳಿದುಕೊಳ್ಳಿ. ಮೂವಿಂಗ್ ಪಿಕ್ಚರ್ ವರ್ಲ್ಡ್ 1907ರಿಂದ 1927ರವರೆಗೆ ನಡೆದದ್ದು ಥಿಯೇಟರ್ ಮಾಲೀಕರಿಗಾಗಿ. 1905ರಲ್ಲಿ ಶುರುವಾದ ವೆರೈಟಿ ಇಡೀ ಮನರಂಜನಾ ವ್ಯಾಪಾರದ್ದು. ಫೋಟೊಪ್ಲೇ ಅಭಿಮಾನಿಗಳದ್ದು, ಸ್ಟುಡಿಯೊ ಪ್ರಚಾರ ವಿಭಾಗ ಹೇಳಿಕೊಟ್ಟ ತಾರೆಯರ ಬಾಲ್ಯಕಥೆಗಳ ಕಣಜ. ಹ್ಯಾರಿಸನ್ಸ್ ರಿಪೋರ್ಟ್ಸ್ ಸಿನಿಮಾ ಜಾಹೀರಾತು ತೆಗೆದುಕೊಳ್ಳದೆ ಸ್ವತಂತ್ರ ಥಿಯೇಟರ್‌ಗಳ ಪರವಾಗಿ ಬರೆಯುತ್ತಿತ್ತು. ಅದರ ಮಾತು ಕಟುವಾಗಿರುತ್ತದೆ. ಜಾಹೀರಾತು ತುಂಬಿದ ಪತ್ರಿಕೆಯಲ್ಲಿ ಹೊಗಳಿಕೆ ಕಂಡರೆ ಅದೇ ಸಂಚಿಕೆಯಲ್ಲಿ ಆ ಚಿತ್ರದ ಜಾಹೀರಾತು ಎಷ್ಟು ಪುಟ ಇದೆ ಎಂದು ತಿರುಗಿಸಿ ನೋಡಿ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಎಕ್ಸಿಬಿಟರ್ಸ್ ಹೆರಾಲ್ಡ್, ಆಮೇಲೆ ಮೋಷನ್ ಪಿಕ್ಚರ್ ಹೆರಾಲ್ಡ್‌ನಲ್ಲಿ ಬರುತ್ತಿದ್ದ ‘ಈ ಚಿತ್ರ ನನಗೆ ಏನು ಮಾಡಿತು’ ಎಂಬ ಅರ್ಥದ ಅಂಕಣ. ಸಣ್ಣ ಊರುಗಳ ಥಿಯೇಟರ್ ಮಾಲೀಕರು ಒಂದೆರಡು ಸಾಲು ಬರೆದು ಕಳಿಸುತ್ತಿದ್ದರು: ಜನ ಬಂದರೋ ಇಲ್ಲವೋ, ಅರ್ಧಕ್ಕೆ ಎದ್ದು ಹೋದರೋ, ಮಳೆಯಿತ್ತೋ. ನ್ಯೂಯಾರ್ಕ್ ವಿಮರ್ಶಕ ಮೆಚ್ಚಿದ್ದನ್ನು ಕಾನ್ಸಸ್‌ನ ರೈತರು ಮೆಚ್ಚಿದರೇ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಕಿಟಕಿ ಸಿಗುವುದು ಕಷ್ಟ.

ಹುಡುಕುವ ಕ್ರಮ ಹೀಗಿರಲಿ. ಮೊದಲು ವರ್ಷದ ಮಿತಿ ಹಾಕಿ. ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಇಡಿ. ‘ಸಾಬು’ ಎಂಬ ನಾಲ್ಕಕ್ಷರದ ಇಂಗ್ಲಿಷ್ ಪದ ಅಪರೂಪದ್ದಾದ್ದರಿಂದ ಸುಲಭವಾಗಿ ಸಿಗುತ್ತದೆ, ‘ಹಾಲ್’ ಎಂದು ಹುಡುಕಿದರೆ ದೇಶದ ಎಲ್ಲ ಸಭಾಂಗಣಗಳೂ ಬರುತ್ತವೆ. ಪುಟವನ್ನು ಯಂತ್ರ ಓದಿರುವುದರಿಂದ ಅಕ್ಷರ ತಪ್ಪುತ್ತವೆ, ಸಾಲಿನ ಕೊನೆಯಲ್ಲಿ ಪದ ಮುರಿದಿದ್ದರೆ ಸಿಗುವುದೇ ಇಲ್ಲ. ಒಂದು ಹೆಸರಿಗೆ ಏನೂ ಸಿಗದಿದ್ದರೆ ‘ಪತ್ರಿಕೆಗಳು ಮೌನವಾಗಿದ್ದವು’ ಎಂದು ಬರೆಯುವ ಮುನ್ನ ಬಿಡುಗಡೆಯ ವಾರದ ಸಂಚಿಕೆಗಳನ್ನು ಕೈಯಾರೆ ತಿರುವಿ ಹಾಕಿ.

ಸಿಕ್ಕ ತುಣುಕನ್ನಷ್ಟೇ ಕತ್ತರಿಸಿಕೊಳ್ಳಬೇಡಿ. ಇಡೀ ಪುಟ ಉಳಿಸಿ. ಪತ್ರಿಕೆಯ ಹೆಸರು, ತಾರೀಖು, ಪುಟಸಂಖ್ಯೆಯನ್ನು ಫೈಲಿನ ಹೆಸರಲ್ಲೇ ಹಾಕಿ.

ಎಚ್ಚರಿಕೆಯ ಸೂಚನೆ: ಬೇರೆ ಬೇರೆ ಊರಿನ ಎರಡು ಪತ್ರಿಕೆಗಳಲ್ಲಿ ಒಂದೇ ವಾಕ್ಯ ಕಂಡರೆ ಅದು ವಿಮರ್ಶೆಯಲ್ಲ. ಸ್ಟುಡಿಯೊಗಳು ಪ್ರತಿ ಚಿತ್ರಕ್ಕೂ ಪ್ರೆಸ್‌ಬುಕ್ ಎಂಬ ಪುಸ್ತಿಕೆ ಕಳಿಸುತ್ತಿದ್ದವು. ಅದರಲ್ಲಿ ಹಾಗೇ ಅಚ್ಚು ಹಾಕಬಹುದಾದ ‘ಸುದ್ದಿ’, ‘ವಿಮರ್ಶೆ’, ತಾರೆಯ ಬಗ್ಗೆ ಸ್ವಾರಸ್ಯ ಎಲ್ಲ ಸಿದ್ಧವಾಗಿರುತ್ತಿತ್ತು. ಪತ್ರಿಕೆಗಳು ಅದನ್ನೇ ಹಾಕುತ್ತಿದ್ದವು. ನಮ್ಮ ಸಾಬು ಪ್ರಶ್ನೆಗೆ ಮಾತ್ರ ಈ ಪ್ರೆಸ್‌ಬುಕ್ಕೇ ಚಿನ್ನ, ಯಾಕೆಂದರೆ ಪ್ರಚಾರ ಹೇಗಿತ್ತೆಂಬುದೇ ಅಲ್ಲಿ ಪ್ರಶ್ನೆ. ಸಾಬುವಿನ ಬಾಲ್ಯದ ಬಗ್ಗೆ ಹೇಳುವ ಆನೆ, ಕಾಡು, ರಾಜರ ಲಾಯ ಎಂಬ ಕಥೆಯಲ್ಲಿ ಎಷ್ಟು ನಿಜ ಎಂದು ನೋಡುವಾಗ ಅದನ್ನೇ ಸಾಕ್ಷಿಯಾಗಿ ತರಬೇಡಿ. ಒಂದು ಕಾಗದ ಒಂದು ಪ್ರಶ್ನೆಗೆ ಒಳ್ಳೆಯ ಸಾಕ್ಷಿ, ಇನ್ನೊಂದಕ್ಕೆ ಸುಳ್ಳು ಸಾಕ್ಷಿ.

ಬಿಳಿಯರ ಟ್ರೇಡ್ ಪತ್ರಿಕೆಗಳು ಕಪ್ಪು ಪ್ರೇಕ್ಷಕರ ಥಿಯೇಟರ್‌ಗಳ ಬಗ್ಗೆ ಬರೆದದ್ದು ಬಹಳ ಕಡಿಮೆ. ಮಿಶೋ ಅಂಥವರ ಬಗ್ಗೆ ಬರೆಯುವವರು ಷಿಕಾಗೊ ಡಿಫೆಂಡರ್‌ನಂಥ ಪತ್ರಿಕೆಗಳಿಗೆ ಹೋಗಲೇಬೇಕು.

## ಹಂತ 5: ಪತ್ರಾಗಾರದ ಕಡತಗಳು

ಪತ್ರಿಕೆಗಳು ಹೇಳಿದ್ದನ್ನು ಸ್ಟುಡಿಯೊದ ಒಳಗಿನ ಪತ್ರಗಳ ಪಕ್ಕ ಇಟ್ಟಾಗ ಬರಹಕ್ಕೆ ಬೆನ್ನೆಲುಬು ಬರುತ್ತದೆ. ಎಲ್ಲಿ ಏನಿದೆ ಎಂಬುದು ಮುಖ್ಯ. ಬೆವರ್ಲಿ ಹಿಲ್ಸ್‌ನ ಮಾರ್ಗರೆಟ್ ಹೆರಿಕ್ ಲೈಬ್ರರಿ ಆಸ್ಕರ್ ಕೊಡುವ ಅಕಾಡೆಮಿಯದು. ಸೆನ್ಸಾರ್ ಪತ್ರವ್ಯವಹಾರ ಅಲ್ಲಿದೆ, ಆಯ್ದ ಚಿತ್ರಗಳ ಕಡತಗಳನ್ನು ಅಂತರ್ಜಾಲದಲ್ಲೇ ಓದಬಹುದು. ವಾರ್ನರ್ ಬ್ರದರ್ಸ್ ಕಾಗದಗಳು ಯೂನಿವರ್ಸಿಟಿ ಆಫ್ ಸದರ್ನ್ ಕ್ಯಾಲಿಫೋರ್ನಿಯಾದಲ್ಲಿ, ನಿರ್ಮಾಪಕ ಸೆಲ್ಜ್‌ನಿಕ್ ಅವರದ್ದು ಟೆಕ್ಸಸ್‌ನ ಆಸ್ಟಿನ್‌ನಲ್ಲಿರುವ ಹ್ಯಾರಿ ರ್‍ಯಾನ್ಸಮ್ ಸೆಂಟರ್‌ನಲ್ಲಿ, ಯುನೈಟೆಡ್ ಆರ್ಟಿಸ್ಟ್ಸ್‌ನದ್ದು ವಿಸ್ಕಾನ್ಸಿನ್‌ನಲ್ಲಿ.

ಹೋಗಲಾಗದಿದ್ದರೆ ಮೊದಲು ಸಂಗ್ರಹದ ಸೂಚಿಯನ್ನು ಓದಿ. ಆಮೇಲೆ ಪೆಟ್ಟಿಗೆ ಮತ್ತು ಫೋಲ್ಡರ್ ಸಂಖ್ಯೆ ಹಾಕಿ ಗ್ರಂಥಪಾಲಕರಿಗೆ ಇಮೇಲ್ ಬರೆಯಿರಿ. ‘ಸಾಬು ಬಗ್ಗೆ ಏನಾದರೂ ಇದೆಯೇ’ ಎಂದು ಕೇಳಿದರೆ ಒಂದು ಸಾಲಿನ ಉತ್ತರ ಬರುತ್ತದೆ, ಇಂಥ ಚಿತ್ರದ ಇಂಥ ಫೋಲ್ಡರ್ ಎಂದರೆ ಕೆಲಸವಾಗುತ್ತದೆ. ಬೆಂಗಳೂರು ಬಿಟ್ಟು ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ನೆಂಟರಿದ್ದರೆ, ಬಾದಾಮಿ ತರಿಸಿಕೊಳ್ಳುವ ಬದಲು ಒಂದು ಮಧ್ಯಾಹ್ನ ಹೆರಿಕ್ ಲೈಬ್ರರಿಗೆ ಕಳಿಸಿ, ಅಲ್ಲಿ ಓದಲು ದುಡ್ಡು ಕೊಡಬೇಕಿಲ್ಲ.

ಸೆನ್ಸಾರ್ ಬಗ್ಗೆ ಬರೆಯುವವರಿಗೆ ಕಾಲಾನುಕ್ರಮ: ವಿಲ್ ಹೇಸ್ ನೇತೃತ್ವದ ನಿರ್ಮಾಪಕರ ಸಂಘ 1922ರಲ್ಲಿ ಬಂತು, ತೆರೆಯ ಮೇಲೆ ಏನು ತೋರಿಸಬಹುದು, ಏನು ಕೂಡದು ಎಂಬ ನಿಯಮಾವಳಿಯಾದ ಪ್ರೊಡಕ್ಷನ್ ಕೋಡ್ ಒಪ್ಪಿಗೆಯಾದದ್ದು 1930ರಲ್ಲಿ, ಅದನ್ನು ಜಾರಿ ಮಾಡುವ ಕಚೇರಿಯ ಮುಖ್ಯಸ್ಥ ಜೋಸೆಫ್ ಬ್ರೀನ್ ಕೈಯಲ್ಲಿ ಬಿಗಿಯಾದದ್ದು 1934ರಲ್ಲಿ, ವಯಸ್ಸಿನ ರೇಟಿಂಗ್ ಬಂದದ್ದು 1968ರಲ್ಲಿ. ಇದರ ಜತೆಗೆ ಪೆನ್ಸಿಲ್ವೇನಿಯಾ, ಓಹಾಯೊ, ನ್ಯೂಯಾರ್ಕ್ ಮುಂತಾದ ರಾಜ್ಯಗಳಿಗೆ ತಮ್ಮದೇ ಸೆನ್ಸಾರ್ ಮಂಡಳಿಗಳಿದ್ದವು. ಸಿನಿಮಾಗೆ ವಾಕ್ ಸ್ವಾತಂತ್ರ್ಯದ ರಕ್ಷಣೆ ಇಲ್ಲ ಎಂದು ಸುಪ್ರೀಂ ಕೋರ್ಟ್ 1915ರಲ್ಲಿ ಹೇಳಿತ್ತು, ಅದು ಮಗುಚಿದ್ದು 1952ರಲ್ಲಿ. ಹಾಗಾಗಿ 1932ರ ಒಂದೇ ಚಿತ್ರ ಎರಡು ರಾಜ್ಯಗಳಲ್ಲಿ ಎರಡು ರೂಪದಲ್ಲಿ ಓಡಿರಬಹುದು.

ತೆರೆಯ ಮೇಲಿನ ಹೆಸರುಗಳನ್ನೂ ಕಡತದೊಂದಿಗೆ ತಾಳೆ ನೋಡಿ. 1947ರ ನಂತರ ಕಮ್ಯುನಿಸ್ಟರೆಂಬ ಶಂಕೆಯಿಂದ ಸ್ಟುಡಿಯೊಗಳು ಕೆಲಸ ಕೊಡದೆ ಕಪ್ಪುಪಟ್ಟಿಗೆ ಸೇರಿಸಿದ ಲೇಖಕರು ಬೇರೆಯವರ ಹೆಸರಿನ ಹಿಂದೆ ಬರೆದರು. 1953ರ ರೋಮನ್ ಹಾಲಿಡೇಯ ಕಥೆ ಡಾಲ್ಟನ್ ಟ್ರಂಬೊ ಅವರದು, ತೆರೆಯ ಮೇಲೆ ಇದ್ದದ್ದು ಇಯಾನ್ ಮೆಕ್‌ಲೆಲನ್ ಹಂಟರ್. ಲೇಖಕರ ಸಂಘ ಟ್ರಂಬೊ ಹೆಸರನ್ನು ಪೂರ್ತಿಯಾಗಿ ಮರಳಿಸಿದ್ದು 2011ರಲ್ಲಿ.

## ಹಂತ 6: ದುಡ್ಡಿನ ಲೆಕ್ಕ ಮತ್ತು ಕಾರಣಗಳು

ಗಾಂಧಿನಗರದಲ್ಲಿ ಗ್ರಾಸ್ (ಟಿಕೆಟ್‌ನಿಂದ ಬಂದ ಒಟ್ಟು ಹಣ) ಬೇರೆ, ಶೇರ್ (ಅದರಲ್ಲಿ ವಿತರಕರ ಪಾಲು) ಬೇರೆ ಎಂದು ಗೊತ್ತಿರುವವರೂ ಹಾಲಿವುಡ್ ವಿಷಯ ಬಂದಾಗ ಮರೆತುಬಿಡುತ್ತಾರೆ. ವೆರೈಟಿ ವರ್ಷದ ಕೊನೆಗೆ ಕೊಡುತ್ತಿದ್ದ ಪಟ್ಟಿಗಳು ದಶಕಗಳ ಕಾಲ ವಿತರಕರ ಕೈಗೆ ಬಂದ ಪಾಲಿನವು, ಅದೂ ಅಮೆರಿಕ ಮತ್ತು ಕೆನಡಾದ್ದು. ಅದನ್ನು ಇಂದಿನ ಜಾಗತಿಕ ಗ್ರಾಸ್ ಪಕ್ಕ ಇಟ್ಟು ಹೋಲಿಸಿದ ಕೋಷ್ಟಕಗಳನ್ನು ನೋಡಿದಾಗಲೆಲ್ಲ ಸಂಕಟವಾಗುತ್ತದೆ. ಮೊತ್ತ ಬರೆಯುವಾಗ ನಾಲ್ಕು ವಿಷಯ ಜತೆಗಿರಬೇಕು: ಗ್ರಾಸೋ ಶೇರೋ, ಯಾವ ದೇಶದ್ದು, ಯಾವ ಬಿಡುಗಡೆಯದು, ಯಾರು ಹೇಳಿದ್ದು. ನಾಲ್ಕರಲ್ಲಿ ಒಂದು ಇಲ್ಲದಿದ್ದರೂ ಸಂಖ್ಯೆ ಬಿಟ್ಟುಬಿಡಿ.

ಕಾರಣ ಹೇಳುವಾಗ ತಾರೀಖುಗಳನ್ನು ಪಕ್ಕಪಕ್ಕ ಇಡಿ. ಅಮೆರಿಕದಲ್ಲಿ ಥಿಯೇಟರ್ ಪ್ರೇಕ್ಷಕರ ಸಂಖ್ಯೆ ತುದಿ ಮುಟ್ಟಿದ್ದು 1946ರಲ್ಲಿ, ಇಳಿಯತೊಡಗಿದ್ದು ಅದರ ಮರುವರ್ಷದಿಂದಲೇ. ಆಗ ಟಿವಿ ಇದ್ದ ಮನೆಗಳು ಬೆರಳೆಣಿಕೆಯಷ್ಟು. ಯುದ್ಧದಿಂದ ಮರಳಿದವರು ಮದುವೆ ಮಾಡಿಕೊಂಡು, ಊರಾಚೆಯ ಹೊಸ ಬಡಾವಣೆಗಳಿಗೆ ಹೋದದ್ದನ್ನು ಲೆಕ್ಕಕ್ಕೆ ಹಿಡಿಯದೆ ಟಿವಿಯೊಂದನ್ನೇ ದೂರಿದರೆ ಕಾಲದ ಲೆಕ್ಕ ತಪ್ಪುತ್ತದೆ. 1948ರ ಪ್ಯಾರಮೌಂಟ್ ತೀರ್ಪೂ ಅಷ್ಟೇ. ಐದು ದೊಡ್ಡ ಸ್ಟುಡಿಯೊಗಳು ತಮ್ಮ ಥಿಯೇಟರ್ ಸರಪಳಿ ಬಿಡಬೇಕಾಯಿತು ನಿಜ, ಆದರೆ ರಾತ್ರಿ ಬೆಳಗಾಗುವುದರೊಳಗೆ ಅಲ್ಲ. ಎಂಜಿಎಂನ ಒಡೆಯನಾದ ಲೋಸ್ ಸಂಸ್ಥೆ ತನ್ನ ಥಿಯೇಟರ್‌ಗಳಿಂದ ಪೂರ್ತಿ ಬೇರೆಯಾದದ್ದು 1959ರಲ್ಲಿ.

## ಹಂತ 7: ಈಗ ಬರೆಯಿರಿ

ಕಥಾಸಾರಕ್ಕೆ ಮೂರು ವಾಕ್ಯ ಸಾಕು. ಉಳಿದ ಜಾಗ ನಿಮ್ಮ ಪ್ರಶ್ನೆಗೆ. ಪ್ರತಿ ಪ್ಯಾರಾದಲ್ಲೂ ಒಂದು ಹೇಳಿಕೆ, ಅದಕ್ಕೆ ನೀವು ಕಂಡ ಸಾಕ್ಷಿ, ಆ ಸಾಕ್ಷಿ ಎಲ್ಲಿಯದೆಂದು ವಾಕ್ಯದೊಳಗೇ ಒಂದು ಮಾತು ಇರಲಿ. ‘ಎಂದು ಹೇಳಲಾಗುತ್ತದೆ’ ಎಂದು ಬರೆಯುವಾಗ ಯಾರು ಹೇಳಿದರು ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಉತ್ತರವಿಲ್ಲದಿದ್ದರೆ ವಾಕ್ಯ ಹೊಡೆದುಹಾಕಿ.

ದೃಶ್ಯ ವರ್ಣಿಸುವಾಗ ಕ್ಯಾಮೆರಾ ಎಲ್ಲಿದೆ, ಶಾಟ್ ಎಷ್ಟು ಹೊತ್ತು ನಿಲ್ಲುತ್ತದೆ, ಚೌಕಟ್ಟಿನಲ್ಲಿ ಯಾರು ಮಧ್ಯದಲ್ಲಿ ಯಾರು ಅಂಚಿನಲ್ಲಿ ಎಂದು ಬರೆಯಿರಿ. ಮೂರು ಚಿತ್ರಗಳಲ್ಲೂ ಸಾಬು ಎಷ್ಟು ಬಾರಿ ಒಬ್ಬನೇ ಚೌಕಟ್ಟಿನಲ್ಲಿದ್ದಾನೆ, ಎಷ್ಟು 
ಬಾರಿ ನಾಯಕನ ಪಕ್ಕದಲ್ಲಿದ್ದಾನೆ ಎಂದು ಎಣಿಸಿ. ‘ಮನಮೋಹಕ’ ಎಂಬ ವಿಶೇಷಣಕ್ಕಿಂತ ಆ ಎಣಿಕೆ ಹೆಚ್ಚು ಹೇಳುತ್ತದೆ.

ಹೆಸರುಗಳ ಕನ್ನಡ ರೂಪಕ್ಕೆ ಬೇರೆ ಹಾಳೆ ಇಡಿ. ಒಂದೇ ಬರಹದಲ್ಲಿ ಒಬ್ಬನೇ ನಿರ್ದೇಶಕ ಮೂರು ಕಾಗುಣಿತದಲ್ಲಿ ಬಂದರೆ ಓದುಗ ಮೂವರೆಂದುಕೊಳ್ಳುತ್ತಾನೆ.

ಚಾಟ್‌ಬಾಟ್‌ಗಳ ಬಗ್ಗೆ ಒಂದು ಮಾತು. ಅವು ಕೊಡುವ ಪತ್ರಿಕೆಯ ತಾರೀಖು, ಪುಟಸಂಖ್ಯೆ, ಉದ್ಧರಣೆ ಎಷ್ಟೋ ಸಲ ಹುಟ್ಟಿಸಿಕೊಂಡವು. ನೋಡಲು ಅಸಲಿಯಂತೆಯೇ ಇರುತ್ತವೆ. ಲ್ಯಾಂಟರ್ನ್‌ನಲ್ಲಿ ಆ ಪುಟ ಕಣ್ಣಾರೆ ಕಾಣುವವರೆಗೆ ಬಳಸಬೇಡಿ.

## ಹಂತ 8: ಚಿತ್ರಗಳ ಹಕ್ಕು, ಕೊನೆಯ ತಪಾಸಣೆ

ಅಮೆರಿಕದಲ್ಲಿ ಹಳೆಯ ಸಿನಿಮಾಗಳ ಹಕ್ಕುಸ್ವಾಮ್ಯ ಪ್ರಕಟವಾದ ವರ್ಷದಿಂದ 95 ವರ್ಷ. 1930ರ ಚಿತ್ರಗಳು 2026ರ ಜನವರಿ 1ಕ್ಕೆ ಸಾರ್ವಜನಿಕವಾದವು. 1963ರವರೆಗಿನ ಚಿತ್ರಗಳಿಗೆ 28ನೇ ವರ್ಷದಲ್ಲಿ ನವೀಕರಣ ಬೇಕಿತ್ತು, ಮಾಡದಿದ್ದವು ಮೊದಲೇ ಹಕ್ಕು ಕಳೆದುಕೊಂಡಿವೆ. ನವೀಕರಣದ ದಾಖಲೆಗಳ ಸ್ಕ್ಯಾನ್ ಇಂಟರ್ನೆಟ್ ಆರ್ಕೈವ್‌ನಲ್ಲಿದೆ. ಚಿತ್ರ ಸಾರ್ವಜನಿಕವಾದರೂ ಹೊಸ ಪುನರುಜ್ಜೀವನಕ್ಕೆ ಸೇರಿಸಿದ ಸಂಗೀತ ಹಾಗಾಗಿರುವುದಿಲ್ಲ. ಭಾರತದ ಕಾನೂನಿನ ಅವಧಿ ಬೇರೆ, ಆದ್ದರಿಂದ ಪ್ರಕಟಿಸುವ ಸಂಪಾದಕರನ್ನು ಕೇಳಿಯೇ ಮುಂದುವರಿಯಿರಿ.

ಕಳಿಸುವ ಮುನ್ನ ಬರಹವನ್ನು ಮುದ್ರಿಸಿ, ಪ್ರತಿ ತಾರೀಖು, ಪ್ರತಿ ಮೊತ್ತ, ಪ್ರತಿ ಹೆಸರಿನ ಕೆಳಗೆ ಗೆರೆ ಎಳೆಯಿರಿ. ಸ್ಪ್ರೆಡ್‌ಶೀಟ್ ತೆರೆದು ಒಂದೊಂದನ್ನೂ ಗುರುತು ಹಾಕುತ್ತ ಬನ್ನಿ. ಐದನೆಯ ಕಾಲಂನಲ್ಲಿ ‘ಬೇರೆಯವರು ಹೇಳಿದ್ದು’ ಎಂದಿರುವ ಸಾಲು ಬರಹದ ಮುಖ್ಯ ವಾದವನ್ನು ಹೊತ್ತಿದ್ದರೆ, ಅದನ್ನು ಹೇಳಿದವರ ಹೆಸರಿಗೆ ಬರೆಯಿರಿ, ಇಲ್ಲವೇ ಹಂತ 4ಕ್ಕೆ ವಾಪಸ್ ಹೋಗಿ.